ಇಷ್ಟು ದೊಡ್ಡ ಬಾಯಿ ಕೊರೆದರೂ ಹಡಗು ಯಾಕೆ ಮುರಿಯುವುದಿಲ್ಲ?

ಕಲಬುರಗಿಗೆ ಸಮುದ್ರ ದೂರ. ಆದರೂ ಸ್ಟ್ರೆಂಥ್ ಆಫ್ ಮೆಟೀರಿಯಲ್ಸ್ ಪಾಠದಲ್ಲಿ ಕಂಟೇನರ್ ಹಡಗಿನ ಚಿತ್ರ ಬಂತೆಂದರೆ ಹುಡುಗರ ಪ್ರಶ್ನೆ ಒಂದೇ: "ಸರ್, ಡೆಕ್ ಪೂರಾ ಕೊರ್ದು ತೆಗ್ದಾರಲ್ರಿ, ಅಲೆ ಬಡದ್ರ ಮುರಿಯಂಗಿಲ್ಲೇನ್ರಿ?"

ಅನುಮಾನ ಸರಿಯಾದದ್ದೇ. ಇಂಥ ಹಡಗಿನ ಅಗಲದಲ್ಲಿ ಶೇ 80–90ರಷ್ಟನ್ನು ಹ್ಯಾಚುಗಳೇ, ಅಂದರೆ ಕಂಟೇನರ್ ಇಳಿಸಲು ಡೆಕ್ಕಿನಲ್ಲಿ (ಹಡಗಿನ ಮೇಲ್ಹಾಸಿನಲ್ಲಿ) ಕೊರೆದ ಬಾಯಿಗಳೇ, ತಿನ್ನುತ್ತವೆ. ಅಲೆಯ ಮೇಲೆ ಬಾಗುವಾಗ ಸ್ಟ್ರೆಸ್ (ಲೋಹದೊಳಗಿನ ಒತ್ತಡ) ಹೆಚ್ಚು ಬೀಳುವುದು ಡೆಕ್ಕಿಗೆ ಮತ್ತು ತಳಕ್ಕೆ. ಡೆಕ್ಕಿನಲ್ಲಿ ಕಳೆದ ಉಕ್ಕನ್ನು ಬಾಯಿಯ ಅಂಚಿಗೆ ಸೇರಿಸುತ್ತಾರೆ. ದೊಡ್ಡ ಹಡಗುಗಳಲ್ಲಿ ಹ್ಯಾಚ್ ಕೋಮಿಂಗಿನ, ಅಂದರೆ ಬಾಯಿಯ ಸುತ್ತ ಎಬ್ಬಿಸಿದ ಕಟ್ಟೆಯ, ಪ್ಲೇಟು 80 ಮಿ.ಮೀ. ದಪ್ಪವಿರುವುದೂ ಉಂಟು. ಬಾಗುವ ಲೆಕ್ಕ ಅಲ್ಲಿಗೆ ಹೆಚ್ಚುಕಡಿಮೆ ಚುಕ್ತಾ. ತೊಡಕಿರುವುದು ತಿರುಚುವಿಕೆಯಲ್ಲಿ, ಆಮೇಲೆ ಮೂಲೆಯಲ್ಲಿ.

100 ಮಿ.ಮೀ. ಚೌಕದ, 2 ಮಿ.ಮೀ. ದಪ್ಪದ ಪೈಪನ್ನು ಉದ್ದಕ್ಕೂ ಒಂದು ಗೆರೆ ಸೀಳಿ ನೋಡಿ. ಹೋದ ಲೋಹ ಚೂರೇಚೂರು. ತಿರುಚನ್ನು ತಡೆಯುವ ಬಿಗಿ ಮಾತ್ರ ಸುಮಾರು 1,800ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಬಾಯಿ ತೆರೆದ ಹಡಗೂ ಹೀಗೆ ಸೀಳಿದ ಪೈಪಿನಂತೆ. ಅದಕ್ಕೆ ಅಲೆ ಓರೆಯಾಗಿ ಬಂದಾಗ ಆಯತದ ಹ್ಯಾಚು ವಾರೆಯಾಗುತ್ತದೆ, ಒಂದು ಕರ್ಣ ಉದ್ದ, ಇನ್ನೊಂದು ಗಿಡ್ಡ. ಮುಚ್ಚಳ ಇದನ್ನು ತಡೆಯುತ್ತದೆ ಅಂದುಕೊಳ್ಳಬೇಡಿ, ಅದನ್ನು ಬೇರಿಂಗ್ ಪ್ಯಾಡುಗಳ ಮೇಲೆ ಜಾರುವಂತೆಯೇ ಕೂರಿಸಿರುತ್ತಾರೆ. ತಡೆಯುವುದು ಎರಡೂ ಬದಿಯ ಮೇಲಂಚಿನಲ್ಲಿ ಉದ್ದಕ್ಕೂ ಓಡುವ ಮುಚ್ಚಿದ ಉಕ್ಕಿನ ಪೆಟ್ಟಿಗೆ, ಹಡಗಿನ ಬದಿಯ ಜೋಡಿ ಗೋಡೆ, ಹ್ಯಾಚುಗಳ ನಡುವಿನ ಅಡ್ಡಪಟ್ಟಿ. ತೆರೆದ ಭಾಗ ಮುಗಿದು ಇಂಜಿನ್ ಕೋಣೆಯ ಮುಚ್ಚಿದ ಡೆಕ್ ಶುರುವಾಗುವ ಕಡೆಯ ಮೂಲೆಗಳು ಎಲ್ಲಕ್ಕಿಂತ ಹೆಚ್ಚು ನರಳುತ್ತವೆ.

ಮೂಲೆಯ ಸಂಗತಿ ನಮ್ಮ ಕಡೆಯವರಿಗೆ ಹೊಸದಲ್ಲ. ಶಹಾಬಾದ್ ಪರಸಿಯಲ್ಲಿ ಸಿಂಕಿಗೆಂದು ಕತ್ತರಿಸಿದ ಚೌಕದಿಂದ ಬಿರುಕು ಹೊರಡುವುದು ಮೂಲೆಯಿಂದಲೇ. ಬ್ರಿಟಿಷ್ ಎಂಜಿನಿಯರ್ ಇಂಗ್ಲಿಸ್ ಅವರ 1913ರ ಸೂತ್ರದ ಪ್ರಕಾರ, ಎಳೆತದಲ್ಲಿರುವ ದೊಡ್ಡ ಪ್ಲೇಟಿನ ದುಂಡು ತೂತಿನ ಅಂಚಿಗೆ ಮೂರು ಪಟ್ಟು ಸ್ಟ್ರೆಸ್. ಅಗಲದ ಎರಡರಷ್ಟು ಉದ್ದದ ಅಂಡಾಕಾರವನ್ನು ಎಳೆತಕ್ಕೆ ಅಡ್ಡ ಇಟ್ಟರೆ ಐದು ಪಟ್ಟು. ಎಳೆತದ ಗುಂಟ ಇಟ್ಟರೆ ಬರೀ ಎರಡು. ಅದಕ್ಕೇ ಹ್ಯಾಚ್ ಮೂಲೆಯನ್ನು ಹಡಗಿನ ಉದ್ದಕ್ಕೆ ಚಾಚಿದ ಅಂಡಾಕಾರಕ್ಕೆ ತಿದ್ದಿ, ಅಲ್ಲಿ ದಪ್ಪ ಪ್ಲೇಟು ಕೂರಿಸುತ್ತಾರೆ. ಎರಡನೇ ಮಹಾಯುದ್ಧದ ಲಿಬರ್ಟಿ ಎಂಬ ಅಮೆರಿಕದ ಸರಕು ಹಡಗುಗಳಲ್ಲಿ ಹ್ಯಾಚಿನ ಮೂಲೆ ಚೌಕವಾಗಿತ್ತು, ಉಕ್ಕು ಚಳಿಗೆ ಪೆಡಸಾಗುತ್ತಿತ್ತು. ವೆಲ್ಡ್ ಮಾಡಿದ ಮೈಯಾದ್ದರಿಂದ ಬಿರುಕು ಒಂದು ಪ್ಲೇಟಿನಲ್ಲಿ ನಿಲ್ಲದೆ ಮುಂದಿನದಕ್ಕೂ ಓಡುತ್ತಿತ್ತು.

ಹಾಗಂತ ಎಲ್ಲ ದೋಷವನ್ನೂ ಹ್ಯಾಚಿಗೆ ಹಚ್ಚಬೇಡಿ. 2013ರಲ್ಲಿ ಹಿಂದೂ ಮಹಾಸಾಗರದಲ್ಲಿ ಎರಡು ತುಂಡಾದ ಎಂಒಎಲ್ ಕಂಫರ್ಟ್ ಎಂಬ ಕಂಟೇನರ್ ಹಡಗು ಸೋತದ್ದು ತಳದ ಪ್ಲೇಟು ಮಡಚಿಕೊಂಡು.

ರಿಪೇರಿಯಲ್ಲಿ ಕೆಡುವುದು ಹೆಚ್ಚಾಗಿ ಸಣ್ಣ ಕೆಲಸದಿಂದ: ಮೂಲೆಯ ಬಳಸಿನ ಮೇಲೆ ಪೈಪಿನ ಬ್ರಾಕೆಟ್ ವೆಲ್ಡ್ ಮಾಡುವುದು, ಗ್ಯಾಸ್ ಕಟಿಂಗಿನ ಕಚ್ಚು ಉಜ್ಜದೆ ಬಿಡುವುದು. ಬಿರುಕಿನ ತುದಿಗೆ ಡ್ರಿಲ್ ಹೊಡೆದರೆ ಬಂದರು ಮುಟ್ಟುವವರೆಗೆ ತಡೆದೀತು. ಆಮೇಲೆ ಆ ತುಂಡನ್ನೇ ಕತ್ತರಿಸಿ ಹೊಸ ಪ್ಲೇಟು ಕೂರಿಸಬೇಕು. ಮೇಲೊಂದು ತೇಪೆ ಹಚ್ಚಿದರೆ ತೇಪೆಯ ಅಂಚಿನಲ್ಲೇ ಮತ್ತೆ ಬಿರಿಯುತ್ತದೆ.