ಅಡಿಕೆ ಮರ ಏರುವವರ ನಡುವಯಸ್ಸು

2024 ಆಗಸ್ಟ್ 4, ಭಾನುವಾರ
ವಿಟ್ಲದ ಸಮೀಪ

ಎರಡನೆಯ ಸುತ್ತಿನ ಮದ್ದು ಬಿಡುವ ಕೆಲಸ ಇಂದು ಸಂಜೆಗೆ ಅರ್ಧ ತೋಟದಷ್ಟು ಮುಗಿದಿದೆ. ನೂರು ಲೀಟರ್ ನೀರಿಗೆ ಒಂದೊಂದು ಕಿಲೋ ಮೈಲುತುತ್ತ ಮತ್ತು ಸುಣ್ಣ ಸೇರಿಸಿ ಮಾಡುವ ಬೋರ್ಡೋ ದ್ರಾವಣವು ಗೊನೆಗೆ ಅಂಟಿ ಒಣಗದೆ, ಮಳೆಗಾಲದಲ್ಲಿ ಕಾಯಿ ಕೊಳೆತು ಉದುರುವ ಕೊಳೆರೋಗ ನಿಲ್ಲುವುದಿಲ್ಲವಾದ್ದರಿಂದ, ಬಿಸಿಲು ಕಂಡ ದಿನ ಮರ ಏರುವವರು ಊಟದ ಹೊತ್ತನ್ನೂ ಮೊಟಕುಗೊಳಿಸಿ ದುಡಿಯುತ್ತಾರೆ. ನಮ್ಮಲ್ಲಿಗೆ ಬರುವವರಲ್ಲಿ ಹಿರಿಯರಿಗೆ ಈಗ ನಲವತ್ತೇಳು ವರ್ಷ. ಈ ತೋಟಕ್ಕೆ ಮೊದಲ ಬಾರಿ ಬಂದಾಗ ಅವರು ಇಪ್ಪತ್ತರ ಆಸುಪಾಸಿನ ಹುಡುಗ, ತೋಟವೂ ಆಗಷ್ಟೇ ಫಸಲಿಗೆ ಬಂದಿತ್ತು. ಅಂದಿನಿಂದ ಮರಗಳು ಪ್ರತಿ ವರ್ಷ ಎತ್ತರವಾಗುತ್ತಲೇ ಬಂದು ಈಗ ಹಲವು ಐವತ್ತು ಅಡಿ ದಾಟಿವೆ. ಬೇರೆ ಕಸುಬುಗಳಲ್ಲಿ ವಯಸ್ಸಾದಂತೆ ಹೊರೆ ಇದ್ದಷ್ಟೇ ಇರಬಹುದು. ಇಲ್ಲಿ ದೇಹದ ಶಕ್ತಿ ಇಳಿಯುವ ವರ್ಷಗಳಲ್ಲಿಯೇ ಹೊರೆ ಏರುತ್ತ ಹೋಗುತ್ತದೆ. ಈ ಸಂಗತಿಯನ್ನು ನಮ್ಮ ಬೆಳೆಗಾರರು ಲೆಕ್ಕಕ್ಕೆ ತೆಗೆದುಕೊಂಡದ್ದನ್ನು ನಾನು ಕಂಡಿಲ್ಲ.

ಏರುವ ಬಗೆಯನ್ನು ಹತ್ತಿರದಿಂದ ನೋಡಬೇಕು. ಪಾದಗಳೆರಡನ್ನೂ ತಳೆ ಎಂಬ ಬಳೆಯಂಥ ಕುಣಿಕೆಯೊಳಗೆ ಸಿಕ್ಕಿಸಿ, ಅಂಗಾಲು ಒಳಮುಖವಾಗಿ ಕಾಂಡವನ್ನು ಒತ್ತುವಂತೆ ಹಿಡಿದು, ಮಂಡಿಯನ್ನು ಎದೆಯವರೆಗೆ ಮಡಚಿ ಮತ್ತೆ ನೆಟ್ಟಗೆ ಮಾಡುತ್ತ ಮೇಲೇರುತ್ತಾರೆ. ಅವರ ಪಾದದ ಒಳಅಂಚಿನ ಚರ್ಮ ಹಿಮ್ಮಡಿಗಿಂತ ದಪ್ಪವಾಗಿದೆ. ಎದೆಯ ನಡುವೆ ಕಾಂಡ ಉಜ್ಜಿ ಉಜ್ಜಿ ಕಪ್ಪಗಾದ ಪಟ್ಟಿಯಿದೆ. ನೆಲದ ಮೇಲೆ ನಿಂತವರಿಗೆ ಏರುವುದೇ ಕಷ್ಟವಾಗಿ ಕಾಣುತ್ತದೆ. ಆದರೆ ಮೇಲೆ ಒಂದು ಕೈಯಿಂದ ಮರವನ್ನು ತಬ್ಬಿ, ಇನ್ನೊಂದು ಕೈಯಲ್ಲಿ ಮದ್ದಿನ ಗನ್ನನ್ನು ಚಾಚಿ ಹಿಡಿದು, ಸುತ್ತಲಿನ ಮರಗಳ ಗೊನೆಗಳೆಲ್ಲ ನೆನೆಯುವವರೆಗೆ ಅಲುಗಾಡದೆ ಇರುವುದೇ ಹೆಚ್ಚು ಸೋಲಿಸುತ್ತದೆ ಎಂದು ಅವರು ಹೇಳುತ್ತಾರೆ. ಶರೀರಶಾಸ್ತ್ರವೂ ಅದನ್ನೇ ಹೇಳುತ್ತದೆ. ಬಿಗಿಹಿಡಿದ ಸ್ನಾಯು ತನ್ನೊಳಗಿನ ರಕ್ತನಾಳಗಳನ್ನು ತಾನೇ ಒತ್ತಿಹಿಡಿಯುವುದರಿಂದ ಅದಕ್ಕೆ ರಕ್ತ ಸಾಲದಾಗುತ್ತದೆ, ಹೃದಯ ಹೆಚ್ಚು ಒತ್ತಡದಿಂದ ರಕ್ತವನ್ನು ದೂಡಬೇಕಾಗುತ್ತದೆ.

ಮೂವತ್ತು ದಾಟಿದ ಮೇಲೆ ದೇಹವು ಆಮ್ಲಜನಕವನ್ನು ಬಳಸಿಕೊಳ್ಳುವ ಗರಿಷ್ಠ ಸಾಮರ್ಥ್ಯ ದಶಕಕ್ಕೆ ಸರಿಸುಮಾರು ಶೇ. 10ರಷ್ಟು ಕುಗ್ಗುತ್ತದೆ. ಎಂಟು ಗಂಟೆಯ ದುಡಿಮೆಯು ಈ ಸಾಮರ್ಥ್ಯದ ಮೂರನೇ ಒಂದು ಭಾಗವನ್ನು ಮೀರಬಾರದೆಂಬುದು ದುಡಿಮೆಯ ಶರೀರಶಾಸ್ತ್ರದಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಅಳತೆ. ಹಾಗೆ ನೋಡಿದರೆ ಮೂವತ್ತರಲ್ಲಿ ಆ ಮಿತಿಯೊಳಗಿದ್ದ ಕೆಲಸವೇ, ಒಂದಿಷ್ಟೂ ಹೆಚ್ಚಾಗದಿದ್ದರೂ, ಐವತ್ತಕ್ಕೆ ಬರುವಾಗ ಶೇ. 40ನ್ನು ದಾಟುತ್ತದೆ. ಭುಜದ ಸ್ನಾಯುರಜ್ಜುಗಳು ಸವೆಯತೊಡಗುವುದು ಇದೇ ವಯಸ್ಸಿನಲ್ಲಿ. ಸಣ್ಣ ಗಾಯ ಮಾಯಲು ಬೇಕಾದ ದಿನಗಳೂ ಹೆಚ್ಚುತ್ತವೆ, ಆದರೆ ಮರುದಿನ ಬೆಳಗ್ಗೆ ಮತ್ತೊಬ್ಬರ ತೋಟ ಕಾಯುತ್ತಿರುತ್ತದೆ. ಹತ್ತಿರದ ವಸ್ತು ಮಸುಕಾಗುವ ಚಾಳೀಸು ಕೂಡ ಆಗಲೇ ಬರುತ್ತದೆ. ಪಾಚಿ ಕಟ್ಟಿದ ಕಾಂಡವನ್ನು ಅಪ್ಪಿಕೊಂಡು, ಕಣ್ಣಿನ ಹತ್ತಿರವೇ ಇರುವ ಹಗ್ಗದ ಗಂಟನ್ನು ಬಿಗಿಯಾಗಿದೆಯೇ ಎಂದು ನೋಡಬೇಕಾದವರಿಗೆ ಅದು ಸಣ್ಣ ವಿಷಯವಲ್ಲ.

‘ಮೈ ಬಗ್ಗಿಸಿ ದುಡಿಯುವವರಿಗೆ ಬಿಪಿ ಎಲ್ಲಿಂದ ಬರಬೇಕು’ ಎನ್ನುವ ಮಾತನ್ನು ನಾನು ಮದುವೆಮನೆಗಳಲ್ಲಿ, ಅಂಗಡಿ ಜಗಲಿಗಳಲ್ಲಿ ಎಷ್ಟೋ ಸಲ ಕೇಳಿದ್ದೇನೆ, ಕೇಳಿದಾಗಲೆಲ್ಲ ಮನಸ್ಸಿಗೆ ನೋವಾಗುತ್ತದೆ. ಡೆನ್ಮಾರ್ಕಿನ ಸಂಶೋಧಕ ಆಂದ್ರೆಯಾಸ್ ಹೋಲ್ಟರ್‌ಮನ್ ಮತ್ತು ಸಂಗಡಿಗರು ಬಿಡುವಿನ ವೇಳೆಯ ವ್ಯಾಯಾಮ ಹೃದಯವನ್ನು ಕಾಯುವುದನ್ನೂ, ಹೊಟ್ಟೆಪಾಡಿನ ಭಾರದ ದುಡಿಮೆ ಹಾಗೆ ಕಾಯದಿರುವುದನ್ನೂ, ಕೆಲವೊಮ್ಮೆ ಅಪಾಯವನ್ನೇ ಹೆಚ್ಚಿಸುವುದನ್ನೂ ಗುರುತಿಸಿದ್ದಾರೆ. ವ್ಯಾಯಾಮ ಮಾಡುವವರು ಅಲ್ಪ ಹೊತ್ತು ಬೆವರು ಸುರಿಸಿ, ದಣಿದಾಗ ನಿಲ್ಲಿಸಿ, ಚೆನ್ನಾಗಿ ಉಂಡು ಮಲಗುತ್ತಾರೆ. ಕೂಲಿಯವರು ದಣಿದಾಗ ನಿಲ್ಲಿಸುವಂತಿಲ್ಲ, ದಿನವಿಡೀ ಏರಿದ ನಾಡಿಬಡಿತ ಮತ್ತು ಒತ್ತಡ ಇಳಿಯಲು ಬೇಕಾದ ವಿರಾಮವೂ ಅವರಿಗೆ ಸಿಗುವುದಿಲ್ಲ. ನಮ್ಮಲ್ಲಿ ಮರ ಏರುವ ಆ ಹಿರಿಯರಿಗೆ ಕಳೆದ ವರ್ಷ ರಕ್ತದೊತ್ತಡ ಪತ್ತೆಯಾಯಿತು. ಮಾತ್ರೆ ತಿಂದ ದಿನ ಮೇಲಿಂದ ಇಳಿದು ನಿಂತಾಗ ತಲೆ ಸುತ್ತುತ್ತದೆಯೆಂದು ಅವರು ಮರ ಏರುವ ದಿನ ಮಾತ್ರೆಯನ್ನೇ ಬಿಡುತ್ತಿದ್ದರಂತೆ. ಇವರು ಐವತ್ತು ಅಡಿ ಎತ್ತರದಲ್ಲಿ ಕೆಲಸ ಮಾಡುವವರೆಂದು ತಿಳಿದಿದ್ದರೆ ವೈದ್ಯರು ಬೇರೆ ಔಷಧವನ್ನೋ ಬೇರೆ ಹೊತ್ತನ್ನೋ ಆರಿಸಬಹುದಿತ್ತು. ಬರುವ ವಾರ ನಾನೂ ಜೊತೆಗೆ ಹೋಗಿ ಹೇಳುವವನಿದ್ದೇನೆ.

ಕಾರ್ಬನ್ ಫೈಬರಿನ ಉದ್ದನೆಯ ಕೋಲು, ಅಂದರೆ ದೋಟಿ, ಬಂದ ಮೇಲೆ ನೆಲದಲ್ಲಿ ನಿಂತೇ ಕೊಯ್ಯಲು, ಮದ್ದು ಬಿಡಲು ಸಾಧ್ಯವಾಗಿದೆ, ಬಿದ್ದು ಸೊಂಟ ಮುರಿಯುವ ಭಯ ತಪ್ಪಿದೆ. ಅದೂ ದೇಹವನ್ನು ಕಾಡದೆ ಬಿಡುವುದಿಲ್ಲ. ಗಂಟೆಗಟ್ಟಲೆ ಕತ್ತನ್ನು ಹಿಂದಕ್ಕೆ ಬಾಗಿಸಿ ತುದಿಯನ್ನೇ ನೋಡುತ್ತಿರಬೇಕು, ಭುಜ ಮೇಲೆತ್ತಿಯೇ ಇರಬೇಕು. ಆದ್ದರಿಂದ ಇಬ್ಬರು ಸರದಿಯಲ್ಲಿ ಹಿಡಿಯುವುದೇ ಸರಿಯೆಂದು ನನಗೆ ತೋರುತ್ತದೆ. ಮುಂದಿನ ನೆಡುವಿಕೆಗೆ ವಿಟ್ಲದ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಕೇಂದ್ರದವರು ಹಿರೇಹಳ್ಳಿಯ ಗಿಡ್ಡ ತಳಿಯಿಂದ ರೂಪಿಸಿದ ಸಂಕರ ತಳಿಗಳಿವೆ, ಅವು ಬೆಳೆಯುವುದು ನಿಧಾನವಾಗಿ, ಕುಳ್ಳಗೆ. ಈಗಿನ ಮರಗಳು ಮಾತ್ರ ಇನ್ನೂ ಬಹುಕಾಲ ಇರುತ್ತವೆ.

ಇಷ್ಟೆಲ್ಲ ಇದ್ದರೂ ನಲವತ್ತೇಳರವರು ಏಕೆ ಕೆಳಗಿಳಿಯುವುದಿಲ್ಲ ಎಂದರೆ, ಕೆಳಗಿಳಿದರೆ ಕೂಲಿಯೂ ಇಳಿಯುತ್ತದೆ. ಮರ ಏರುವವರಿಗೆ ಒಂದು ದರ, ನೆಲದ ಕೆಲಸಕ್ಕೆ ಅದಕ್ಕಿಂತ ತೀರ ಕಡಿಮೆ ದರ. ಯಾವ ಗೊನೆ ಹಣ್ಣಾಗಿದೆ, ಯಾವ ಮರ ಒಳಗೇ ಟೊಳ್ಳಾಗಿದೆ, ಗಾಳಿ ಯಾವ ಕಡೆಯಿಂದ ಬಂದರೆ ಮದ್ದು ಎಲ್ಲಿಗೆ ಹಾರುತ್ತದೆ ಎಂದು ಬಲ್ಲವರು ಹಗ್ಗ ಹಿಡಿದು ಕೆಳಗೆ ನಿಂತರೆ ಆ ತಿಳಿವಳಿಕೆಗೆ ಬೆಲೆಯೇ ಇಲ್ಲವೆಂಬಂತೆ ನಾವು ನಡೆದುಕೊಳ್ಳುತ್ತಿದ್ದೇವೆ. ಈ ಕೊಯ್ಲಿನಿಂದ ನಮ್ಮ ತೋಟದಲ್ಲಿ ದೋಟಿ ಹಿಡಿಯುವವರಿಗೂ ಕೆಳಗಿದ್ದು ಕೆಲಸ ನಡೆಸುವ ಹಿರಿಯರಿಗೂ ಮರ ಏರುವವರ ದರವೇ ಎಂದು ಇಂದು ಸಂಜೆ ತಿಳಿಸಿದೆ. ಅಕ್ಕಪಕ್ಕದ ತೋಟದವರೂ ಒಪ್ಪದಿದ್ದರೆ ಈ ಹಿರಿಯರು ಉಳಿದ ದಿನಗಳಲ್ಲಿ ಅಲ್ಲಿಗೆ ಹೋಗಿ ಏರಲೇಬೇಕಾಗುತ್ತದೆ, ಹಾಗಾಗಿ ನಾಳೆ ಬೆಳಗ್ಗೆ ಡೇರಿಗೆ ಹಾಲು ಕೊಡಲು ಹೋದಾಗ ಆ ತೋಟದವರೊಂದಿಗೆ ಈ ಮಾತನ್ನು ಎತ್ತುತ್ತೇನೆ.