ಯೂಫ್‌ಗೆ ಹೊರಟವರಿಗೆ: ಮರವಿಲ್ಲದ ಊರು, ಮೂವತ್ತು ಮಂದಿ

ಯೂಫ್ ಇರುವುದು ಸ್ವಿಟ್ಜರ್‌ಲೆಂಡಿನ ಗ್ರೌಬುಂಡನ್ ಪ್ರಾಂತ್ಯದಲ್ಲಿ, ಆವರ್ಸ್ ಕಣಿವೆಯ ಕಟ್ಟಕಡೆಗೆ. ಎತ್ತರ 2126 ಮೀಟರ್. ನಮ್ಮ ಮುಳ್ಳಯ್ಯನಗಿರಿಯ ನೆತ್ತಿಗಿಂತ ಸುಮಾರು 200 ಮೀಟರ್ ಮೇಲೆ ಊರೊಂದಿದೆ ಎಂದುಕೊಳ್ಳಿ. ವರ್ಷವಿಡೀ ಜನ ಇರುವ ಯುರೋಪಿನ ಅತಿ ಎತ್ತರದ ಹಳ್ಳಿ ಎಂದು ಹೆಸರು. ಇರುವವರು ಮೂವತ್ತರ ಆಸುಪಾಸು, ಬಹುತೇಕ ದನ, ಕುರಿ ಸಾಕುವ ಮನೆಯವರು. ಬೋರ್ಡಿನ ಮುಂದೆ ಫೋಟೊ ತೆಗೆಸಿಕೊಂಡು ಅದೇ ಬಸ್ಸಿಗೆ ವಾಪಸಾದರೆ ಏನೂ ಕಂಡಂತಾಗದು. ಒಂದು ರಾತ್ರಿಯಾದರೂ ಉಳಿಯಿರಿ.

ದಾರಿ ಹೀಗೆ: ಜ್ಯೂರಿಕ್‌ನಿಂದ ಕೂರ್‌ಗೆ ರೈಲಿನಲ್ಲಿ ಸುಮಾರು ಒಂದೂಕಾಲು ಗಂಟೆ, ಅಲ್ಲಿಂದ ಟೂಸಿಸ್‌ಗೆ ಕೆಂಪು ರೈಲಿನಲ್ಲಿ ಅರ್ಧ ಗಂಟೆ, ಮುಂದೆ ಆಂಡೇರ್‌ವರೆಗೆ ಹಳದಿ ಪೋಸ್ಟ್‌ಬಸ್, ಆಂಡೇರ್‌ನಲ್ಲಿ ಯೂಫ್ ಬಸ್ಸು. ಸ್ವಿಸ್ ಟ್ರಾವೆಲ್ ಪಾಸ್ ಇದ್ದರೆ ಬೇರೆ ಟಿಕೆಟ್ ಬೇಡ. ಕೊನೆಯ ತುಂಡಿನಲ್ಲೇ ಹೆಚ್ಚಿನವರು ಎಡವುವುದು. ಆ ಬಸ್ಸು ದಿನಕ್ಕೆ ಕೆಲವೇ ಸಲ ಓಡುತ್ತದೆ, ಒಂದು ತಪ್ಪಿದರೆ ಗಂಟೆಗಟ್ಟಲೆ ಕಾಯಬೇಕು. ಆದ್ದರಿಂದ ಮೊದಲು ಯೂಫ್ ಬಸ್ಸಿನ ಸಮಯ ನೋಡಿ, ಅದಕ್ಕೆ ತಕ್ಕಂತೆ ಜ್ಯೂರಿಕ್ ರೈಲು ಆರಿಸಿ. ದಿನಸಿ, ಔಷಧಿ ಟೂಸಿಸ್‌ನಲ್ಲೇ ಕೊಂಡುಬಿಡಿ. ಊರಲ್ಲಿ ತಂಗುವ ಹಾಸಿಗೆಗಳು ಕೆಲವೇ, ಮುಂಗಡ ಕಾಯ್ದಿರಿಸದೆ ಹೊರಡಬೇಡಿ.

ಬಸ್ಸು ಫೆರೇರಾ ಕಮರಿಯ ದಟ್ಟ ಸ್ಪ್ರೂಸ್ ಕಾಡಿನಿಂದ ಮೇಲೇರುತ್ತದೆ. ಕ್ರೆಸ್ಟಾ ದಾಟುವ ಹೊತ್ತಿಗೆ ಕಾಡು ಮುಗಿದಿರುತ್ತದೆ. ಅಲ್ಲಿನ ಬಿಳಿ ಚರ್ಚು ಬೋಳು ಇಳಿಜಾರಿನಲ್ಲಿ ಒಂಟಿಯಾಗಿ ನಿಂತಿದೆ. ಯೂಫ್‌ನಲ್ಲಿ ಮರವೇ ಇಲ್ಲ. ಬೇಸಿಗೆ ಅಷ್ಟು ಚಿಕ್ಕದು, ಹುಲ್ಲು ಬಿಟ್ಟು ಬೇರೇನೂ ಕೈಹತ್ತುವುದಿಲ್ಲ. ಊರಿನ ಬದುಕೆಲ್ಲ ಇದರಿಂದಲೇ ತಿಳಿಯುತ್ತದೆ. ಸೌದೆ ಇಲ್ಲದ ಕಾರಣ ಹಿಂದೆ ಒಲೆಗೆ ಕುರಿಗೊಬ್ಬರವೇ ಗತಿ. ಚಳಿಗಾಲವಿಡೀ ಕೊಟ್ಟಿಗೆಯಲ್ಲಿ ತುಳಿದು ಗಟ್ಟಿಯಾದ ಪದರವನ್ನು ಇಟ್ಟಿಗೆಯಂತೆ ಕತ್ತರಿಸಿ, ಗೋಡೆಗೆ ಒರಗಿಸಿ ಒಣಗಿಸುತ್ತಿದ್ದರು. ಬೆರಣಿ ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ತಟ್ಟುವ ಕೆಲಸವೊಂದು ಇಲ್ಲಿಲ್ಲ, ಅಷ್ಟೇ.

ಕಣಿವೆಯ ಹಳೆ ಮನೆತನಗಳು ವಾಲ್ಸರ್ ಜನರದು. 13ನೇ ಶತಮಾನದ ಸುಮಾರಿಗೆ ಪಶ್ಚಿಮದ ವಾಲಿಸ್ ಕಡೆಯಿಂದ ಗ್ರೌಬುಂಡನ್‌ಗೆ ಬಂದ ಇವರು ಆಡುವುದು ಜರ್ಮನ್ ಒಳನುಡಿ. ಸುತ್ತಲಿನದು ರೊಮಾನ್ಶ್, ಇಟಾಲಿಯನ್ ನುಡಿಗಳ ನಾಡು. ಆವರ್ಸ್ ಪಂಚಾಯಿತಿಗೆ 93 ಚದರ ಕಿಲೋಮೀಟರ್ ನೆಲವಿದ್ದರೂ ಜನ ಇನ್ನೂರನ್ನೂ ಮುಟ್ಟುವುದಿಲ್ಲ.

ಜುಲೈ ಮಧ್ಯದಿಂದ ಸೆಪ್ಟೆಂಬರ್ ಒಳ್ಳೆಯ ಕಾಲ. ಆಗಲೂ ರಾತ್ರಿ ಹಿಮ ಬೀಳಬಹುದು. ಉಣ್ಣೆ ಅಂಗಿ, ಮಳೆಕೋಟು, ಸನ್‌ಸ್ಕ್ರೀನ್ ಮೂರೂ ಬೇಕು. ಒಣಹುಲ್ಲಿನ ಕೊಯ್ಲೂ ಈ ತಿಂಗಳುಗಳಲ್ಲೇ. ಕೊಯ್ಯದ ಹುಲ್ಲುಗಾವಲಿಗೆ ದಯವಿಟ್ಟು ಕಾಲಿಡಬೇಡಿ: ತುಳಿದ ಹುಲ್ಲು ಮಲಗಿಬಿಡುತ್ತದೆ, ಯಂತ್ರಕ್ಕೆ ಸಿಗುವುದಿಲ್ಲ, ಅದು ದನಗಳ ಚಳಿಗಾಲದ ಮೇವು. ತಂತಿಬೇಲಿಯ ಗೇಟು ತೆರೆದರೆ ಮುಚ್ಚಿ. ಕರು ಇರುವ ಹಸುವಿನಿಂದ 50 ಮೀಟರ್ ದೂರವಿರಿ, ಕರುವನ್ನು ಮುಟ್ಟಲೇಬೇಡಿ.

ಸಸ್ಯಾಹಾರಿಗಳು ಕೇಳಿಯೇ ತಿನ್ನಬೇಕು. ಈ ಭಾಗದ ಬಾರ್ಲಿ ಸೂಪಿಗೂ, ಸೊಪ್ಪಿನೆಲೆಯಲ್ಲಿ ಸುತ್ತಿದ ಹಿಟ್ಟಿನ ಉಂಡೆಯಾದ ಕಾಪುನ್ಸ್‌ಗೂ ಸಾಮಾನ್ಯವಾಗಿ ಮಾಂಸದ ಚೂರು ಬೀಳುತ್ತದೆ. ಮಾಲುನ್ಸ್ ಸಿಕ್ಕರೆ ಒಳ್ಳೆಯದು: ಬೇಯಿಸಿ ತುರಿದ ಆಲೂಗಡ್ಡೆಗೆ ಹಿಟ್ಟು ಬೆರೆಸಿ, ಬೆಣ್ಣೆಯಲ್ಲಿ ಉದುರುದುರಾಗಿ ಹುರಿದದ್ದು, ಜೊತೆಗೆ ಬೇಯಿಸಿದ ಸೇಬಿನ ಗೊಜ್ಜು.

ಮರುದಿನ ಕಾಲು ಗಟ್ಟಿ ಇದ್ದವರು ಬಂದ ದಾರಿ ಬಿಟ್ಟು ಶ್ಟಾಲರ್‌ಬೆರ್ಗ್ ಎಂಬ ಬೆಟ್ಟ ದಾಟುವ ದಾರಿ ಹತ್ತಿ ಆಚೆಯ ಬೀವಿಯೊ ಊರಿಗೆ ಇಳಿಯಿರಿ. 2581 ಮೀಟರ್‌ವರೆಗೆ 455 ಮೀಟರ್ ಏರು, ಆಮೇಲೆ 1769ಕ್ಕೆ 800 ಮೀಟರ್‌ಗೂ ಮಿಕ್ಕ ಇಳಿಜಾರು. ಮಂಡಿಗೆ ಕಷ್ಟವಾಗುವುದು ಇಳಿಯುವಾಗಲೇ, ಊರುಗೋಲು ಇರಲಿ. ಬಿಳಿ, ಕೆಂಪು, ಬಿಳಿ ಪಟ್ಟಿಯ ಗುರುತು ಹಿಡಿದು ನಡೆಯಿರಿ. ಹಳದಿ ಫಲಕದ ಸಮಯದಲ್ಲಿ ವಿಶ್ರಾಂತಿ ಸೇರಿಲ್ಲ, ನಾಲ್ಕೈದು ಗಂಟೆ ಇಟ್ಟುಕೊಳ್ಳಿ. ಜೂನ್‌ನಲ್ಲಿ ಮೇಲೆ ಹಿಮ ಉಳಿದಿರಬಹುದು, ಹೊರಡುವ ಮುನ್ನ ತಂಗಿದ ಮನೆಯಲ್ಲಿ ವಿಚಾರಿಸಿ. ಬೀವಿಯೊದಿಂದ ಕೂರ್ ಕಡೆಗೂ ಸೇಂಟ್ ಮೋರಿಟ್ಸ್ ಕಡೆಗೂ ಬಸ್ಸಿದೆ.