ಶೇಡಿ ಮಣ್ಣು, ಪಿವಿಸಿ ಪೈಪು ಮತ್ತು ಖನಿಜ ಫಿಲ್ಲರುಗಳ ವ್ಯಾಪಾರ

ತೋಟಕ್ಕೆ ಪಿವಿಸಿ ಪೈಪು ಕೊಳ್ಳಲು ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕಕ್ಕೋ ಕುಂಬಳೆಗೋ ಹೋದವರು, ಪೈಪಿನಲ್ಲಿ ಸುಣ್ಣದ ಪುಡಿ ಹೆಚ್ಚಾಗಿರುವುದರಿಂದ ಅದು ಬೇಗ ಒಡೆಯುತ್ತದೆ ಎಂಬ ದೂರನ್ನು ಕೇಳಿಯೇ ಇರುತ್ತಾರೆ. ದೂರಿನಲ್ಲಿ ಹುರುಳಿದೆ. ಆದರೆ ಪುಡಿ ಇರುವುದೇ ಕಲಬೆರಕೆ ಎಂದು ತಿಳಿಯುವುದು ಸರಿಯಲ್ಲ. ವಸ್ತುವಿನೊಳಗೆ ತುಂಬಲು ಬೆರೆಸುವ ಇಂಥ ಖನಿಜದ ಪುಡಿಗೆ ಫಿಲ್ಲರು ಎನ್ನುತ್ತಾರೆ. ನುಣ್ಣಗೆ ಅರೆದು, ಸ್ಟಿಯರಿಕ್ ಆಮ್ಲ ಎಂಬ ಕೊಬ್ಬಿನಾಮ್ಲದ ತೆಳು ಲೇಪ ಕೊಟ್ಟ ಕ್ಯಾಲ್ಸಿಯಂ ಕಾರ್ಬೊನೇಟನ್ನು, ಅಂದರೆ ಸುಣ್ಣಕಲ್ಲಿನ ಪುಡಿಯನ್ನು, ಮಿತವಾಗಿ ಬೆರೆಸಿದರೆ ಪೈಪಿಗೆ ಬಿಗಿ ಬರುತ್ತದೆ, ಯಂತ್ರದಲ್ಲಿ ಕೆಲಸವೂ ಸುಗಮವಾಗುತ್ತದೆ. ಲೇಪವಿಲ್ಲದ ಒರಟು ಪುಡಿಯನ್ನು ಮಿತಿಮೀರಿ ಸುರಿದಾಗ ಮಾತ್ರ ಕಣಗಳು ಗಂಟುಕಟ್ಟಿಕೊಂಡು, ಆ ಗಂಟುಗಳಿಂದಲೇ ಬಿರುಕು ಆರಂಭವಾಗುತ್ತದೆ.

ಇಲ್ಲಿ ಕೊಳ್ಳುವವರು ಗಮನಿಸಬೇಕಾದ ಸಂಗತಿಯೊಂದಿದೆ. ನೀರಿನ ಸಾಂದ್ರತೆಯನ್ನು 1 ಎಂದಿಟ್ಟುಕೊಂಡರೆ ಪಿವಿಸಿಯ ಸಾಂದ್ರತೆ ಸುಮಾರು 1.4, ಕ್ಯಾಲ್ಸಿಯಂ ಕಾರ್ಬೊನೇಟಿನದ್ದು ಸುಮಾರು 2.7. ಆದ್ದರಿಂದ ಪುಡಿ ಹೆಚ್ಚಿದಷ್ಟೂ ಪೈಪಿನ ತೂಕ ಹೆಚ್ಚುತ್ತದೆಯೇ ಹೊರತು ಬಲವಲ್ಲ. ಕೈಯಲ್ಲಿ ಎತ್ತಿನೋಡಿ, ಭಾರವಿದೆಯೆಂದು ಒಳ್ಳೆಯ ಪೈಪನ್ನು ಆರಿಸಿದೆವೆಂದುಕೊಳ್ಳುವ ನಮ್ಮ ಕಡೆಯ ರೂಢಿ ಕೃಷಿಕರಿಗೆ ನಷ್ಟವನ್ನೇ ತರುತ್ತದೆ. ಕುಡಿಯುವ ನೀರಿನ ಪೈಪುಗಳಿಗೆ ಐಎಸ್ 4985 ಎಂಬ ಭಾರತೀಯ ಮಾನಕವಿದೆ. ಪೈಪಿನ ಮೇಲೆ ಆ ಸಂಖ್ಯೆಯೂ ಐಎಸ್‌ಐ ಗುರುತೂ ಅಚ್ಚಾಗಿದೆಯೇ ಎಂದು ನೋಡುವುದು ತೂಕ ನೋಡುವುದಕ್ಕಿಂತ ಎಷ್ಟೋ ಮೇಲು.

ಕಾಗದದಲ್ಲಿ ಫಿಲ್ಲರಿನ ಪಾತ್ರ ಇನ್ನೂ ದೊಡ್ಡದು. ಮುದ್ರಣದ ಕಾಗದದ ತೂಕದಲ್ಲಿ ಹಲವು ವೇಳೆ ಶೇಕಡಾ 15ರಿಂದ 30ರಷ್ಟು ಖನಿಜವೇ ಇರುತ್ತದೆ. ನಾರುಗಳ ನಡುವಿನ ಸಂದುಗಳನ್ನು ಅದು ತುಂಬುವುದರಿಂದಲೇ ಹಾಳೆ ನಯವಾಗುತ್ತದೆ, ಒಂದು ಪುಟದ ಅಕ್ಷರ ಹಿಂದಿನ ಪುಟಕ್ಕೆ ಕಾಣಿಸುವುದಿಲ್ಲ. ಹಿಂದೆ ಕಾಗದಕ್ಕೆ ಶಾಯಿ ಹರಡದಂತೆ ಮಾಡಲು ರಾಳವನ್ನೂ ಆಲಮ್ ಎಂಬ ಅಲ್ಯೂಮಿನಿಯಂ ಲವಣವನ್ನೂ ಬಳಸುತ್ತಿದ್ದರು. ಆ ವಿಧಾನದ ಆಮ್ಲೀಯತೆಯಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟು ಕರಗಿಹೋಗುತ್ತಿದ್ದುದರಿಂದ ಆಮ್ಲಕ್ಕೆ ಜಗ್ಗದ ಚೀನಾ ಜೇಡಿಯಂತಹ (ನುಣುಪಾದ ಬಿಳಿ ಮಣ್ಣು) ಪುಡಿಗಳೇ ಕಾರ್ಖಾನೆಗಳಿಗೆ ಆಸರೆಯಾಗಿದ್ದವು. ನಮ್ಮ ಗ್ರಂಥಾಲಯಗಳ ಹಳೆಯ ಕನ್ನಡ ಪುಸ್ತಕಗಳ ಹಾಳೆ ಹಳದಿಯಾಗಿ, ಮಡಚಿದಲ್ಲೇ ಮುರಿದುಬೀಳುವುದಕ್ಕೆ ಆ ಆಮ್ಲವೂ ಒಂದು ಮುಖ್ಯ ಕಾರಣ. 1980ರ ದಶಕದಿಂದೀಚೆಗೆ ಕ್ಷಾರೀಯ ವಿಧಾನ ವ್ಯಾಪಕವಾದಂತೆ ಅಗ್ಗವೂ ಹೆಚ್ಚು ಬಿಳಿಯೂ ಆದ ಕ್ಯಾಲ್ಸಿಯಂ ಕಾರ್ಬೊನೇಟು ಆ ಸ್ಥಾನಕ್ಕೆ ಬಂತು. ಜೇಡಿಯ ಮಾರುಕಟ್ಟೆಗೆ ಬಿದ್ದ ದೊಡ್ಡ ಪೆಟ್ಟು ಇದೇ, ಆದರೆ ಪುಸ್ತಕಗಳ ಆಯುಷ್ಯ ಬೆಳೆದದ್ದೂ ಇದರಿಂದಲೇ.

ಬಣ್ಣದಲ್ಲಿ ಬಿಳುಪು ಕೊಡುವ ದುಬಾರಿ ಪುಡಿಯಾದ ಟೈಟಾನಿಯಂ ಡೈಆಕ್ಸೈಡಿನ ಒಂದು ಪಾಲನ್ನು ಉಳಿಸಲು, ಸುಮಾರು 1000 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಸುಟ್ಟ ಜೇಡಿಯನ್ನು ಬಳಸುತ್ತಾರೆ. ನಮ್ಮ ಗುಡ್ಡದ ರಬ್ಬರು ಹವಾಯಿ ಚಪ್ಪಲಿಯಾಗಿ ಮರಳಿ ಬರುವಾಗ ಅದರಲ್ಲಿಯೂ ಜೇಡಿ ಅಥವಾ ಸುಣ್ಣಕಲ್ಲಿನ ಪುಡಿ ಸೇರಿರುತ್ತದೆ. ಆಂಧ್ರದ ಮಂಗಂಪೇಟೆಯ ಬ್ಯಾರೈಟ್ಸ್ ಎಂಬ ಭಾರದ ಖನಿಜ ಬಣ್ಣಕ್ಕೂ ಹೋಗುತ್ತದೆ, ಆದರೆ ಅದರ ಬಹುಪಾಲಿಗೆ ಬೇಡಿಕೆ ಬರುವುದು ತೈಲಬಾವಿ ಕೊರೆಯುವವರಿಂದ; ಸಾಂದ್ರತೆ 4.5ರಷ್ಟಿರುವ ಅದರ ಭಾರವೇ ಬಾವಿಯೊಳಗಿನ ಒತ್ತಡವನ್ನು ತಡೆಯುತ್ತದೆ.

ಕಾಸರಗೋಡಿನವರಿಗೆ ಈ ವಿಷಯ ದೂರದ್ದಲ್ಲ. ನಮ್ಮ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲು) ಪದರದ ಕೆಳಗೆ, ನೀರಿಗಾಗಿ ಗುಡ್ಡದೊಳಗೆ ಅಡ್ಡಲಾಗಿ ಸುರಂಗ ತೋಡುವವರಿಗೂ ಬಾವಿ ತೋಡುವವರಿಗೂ ಸಿಗುವ ಶೇಡಿ ಮಣ್ಣು ಚೀನಾ ಜೇಡಿಯ ಕುಟುಂಬಕ್ಕೇ ಸೇರಿದ್ದು. ಕಬ್ಬಿಣದ ಅಂಶದಿಂದ ಕೆಂಪು, ಹಳದಿ, ನೇರಳೆ ಬಣ್ಣ ತಿರುಗಿದ ಶೇಡಿಗೆ ಕಾರ್ಖಾನೆಯಲ್ಲಿ ಬೆಲೆಯಿಲ್ಲ; ಶುದ್ಧ ಬಿಳಿಯ ನಿಕ್ಷೇಪವಿರುವುದು ಕೆಲವೆಡೆ ಮಾತ್ರ. ನೀಲೇಶ್ವರದ ಬಳಿಯ ಕರಿಂದಳದಲ್ಲಿ ಕೇರಳ ಸರಕಾರದ ಒಡೆತನದ ಕಂಪೆನಿಯು ಚೀನಾ ಜೇಡಿಯನ್ನು ತೆಗೆದಿದೆ. ಅಗೆದ ಮಣ್ಣನ್ನು ನೀರಿನಲ್ಲಿ ಕಲಕಿ, ಮರಳನ್ನು ಬೇರ್ಪಡಿಸಿ, ಕಬ್ಬಿಣದ ಅಂಶವನ್ನು ಅಯಸ್ಕಾಂತದಿಂದಲೋ ರಾಸಾಯನಿಕದಿಂದಲೋ ಕಳೆದು, ಹಿಂಡಿ ಒಣಗಿಸಿದ ಮೇಲಷ್ಟೇ ಒಳ್ಳೆಯ ದರದ ಮಾಲು ಸಿದ್ಧವಾಗುತ್ತದೆ. ಬಿಳುಪು, ಮೈಕ್ರಾನಿನಲ್ಲಿ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಅಳೆಯುವ ಕಣದ ಗಾತ್ರ, ಮೇಲ್ಮೈಯ ಲೇಪ, ಇವುಗಳಿಗೇ ಗಿರಾಕಿ ಹಣ ಕೊಡುವುದು. ಕಚ್ಚಾ ಮಣ್ಣಿನ ಬೆಲೆಯನ್ನು ದೂರದ ಲಾರಿ ಬಾಡಿಗೆಯೇ ನುಂಗಿಬಿಡುತ್ತದೆ.

ಹಾಗಾಗಿ ಸಂಸ್ಕರಣೆಯಿಲ್ಲದೆ ಇಲ್ಲಿನ ಗುಡ್ಡವನ್ನು ಅಗೆದು ಸಾಗಿಸುವ ಯಾವ ಯೋಜನೆಯೂ ನಮ್ಮ ಜಿಲ್ಲೆಗೆ ಲಾಭದ್ದೆಂದು ನನಗೆ ಅನ್ನಿಸುವುದಿಲ್ಲ. ಮುರಕಲ್ಲಿನ ತೂತುಗಳಲ್ಲಿ ಇಳಿದ ಮಳೆನೀರು ಶೇಡಿಯ ಪದರದ ಮೇಲೆ ತಡೆದುನಿಂತು, ಪಕ್ಕಕ್ಕೆ ಹರಿದು ನಮ್ಮ ಸುರಂಗಗಳಲ್ಲಿ ಒಸರುತ್ತದೆ. ಅದೇ ಪದರವನ್ನು ಕಡಿದು ತೆರೆದಿಟ್ಟರೆ ಮಳೆಗಾಲದಲ್ಲಿ ಕರಗಿ ಕುಸಿಯುತ್ತದೆ. ಗಣಿಗೆ ಪರವಾನಗಿ ಕೊಡುವ ಮೊದಲು ಸುತ್ತಲಿನ ಬಾವಿ ಮತ್ತು ಸುರಂಗಗಳ ನೀರಿನ ಮಟ್ಟವನ್ನು ಬೇಸಗೆಯಲ್ಲಿಯೂ ಮಳೆಗಾಲದಲ್ಲಿಯೂ ಅಳೆದು ದಾಖಲಿಸಬೇಕು, ಅಗೆದ ಹೊಂಡವನ್ನು ಯಾರು, ಯಾವ ಹಣದಿಂದ ಮುಚ್ಚುತ್ತಾರೆ ಎಂಬುದನ್ನು ಪರವಾನಗಿಯಲ್ಲಿಯೇ ಬರೆದಿರಬೇಕು.